ನಾಲ್ಕೂವರೆ ಎಲೆ

ನಲವತ್ತೆರಡು ಹೆಂಗಸರಿಗೆ ಒಂದೇ ಒಂದು ಟೋಕನ್. ಅಂಗೈ ಅಗಲದ ಕೆಂಪು ಪ್ಲಾಸ್ಟಿಕ್ ಬಿಲ್ಲೆ, ಅದಕ್ಕೊಂದು ದಾರ. ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಶೌಚಾಲಯಕ್ಕೆ ಹೋಗಬಹುದು. ಹೋಗಿ ಬರುವುದಕ್ಕೆ ನಾಲ್ಕು ನಿಮಿಷ. ಐದನೇ ನಿಮಿಷಕ್ಕೆ ಸೂಪರ್‌ವೈಸರ್ ಶಿಳ್ಳೆ ಊದುತ್ತಿದ್ದ. ಆರನೇ ನಿಮಿಷಕ್ಕೆ ಬಾಗಿಲು ಬಡಿಯುತ್ತಿದ್ದ. ಹೆಂಗಸರು ಅವನಿಗೆ ಶಿಳ್ಳೆಪ್ಪ ಎಂದು ನಾಮಕರಣ ಮಾಡಿದ್ದರು. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಶಿಳ್ಳೆ ಬಿಟ್ಟಿರಲಿಲ್ಲ.

ಟೋಕನ್ ಹೊಲಿಗೆ ಮಷಿನ್ನುಗಳ ಲೈನಿನಲ್ಲಿ ಒಂದು ಸುತ್ತು ಬಂದು ಮತ್ತೆ ಜೇಬು ಹೊಲಿಯುವ ಜೇಬಕ್ಕನ ಕೈಗೆ ಸೇರುವಷ್ಟರಲ್ಲಿ ಮೂರು ಗಂಟೆ ಹಿಡಿಯುತ್ತಿತ್ತು. ಅದೂ ಶಿಳ್ಳೆಪ್ಪನ ಮನಸ್ಸು ಚೆನ್ನಾಗಿದ್ದ ದಿನ. ಲಾರಿಗೆ ಮಾಲು ತುಂಬುವ ದಿನವಾದರೆ ಅವನು ಟೋಕನ್ನನ್ನು ತನ್ನ ಎದೆಯ ಜೇಬಿಗೇ ಇಳಿಸಿಬಿಡುತ್ತಿದ್ದ. ಆ ಜೇಬು ಹೊಲಿದವಳೂ ಜೇಬಕ್ಕನೇ. ಇನ್ನಷ್ಟು ಚಿಕ್ಕದಾಗಿ ಹೊಲಿಯಬೇಕಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಆ ಕಾರ್ಖಾನೆಯಲ್ಲಿ ಇಡೀ ಅಂಗಿ ಹೊಲಿಯಬಲ್ಲವರು ಯಾರೂ ಇರಲಿಲ್ಲ. ಮೊದಲ ಮಷಿನ್ನಿನ ಕಾಲರಕ್ಕನಿಗೆ ಕಾಲರ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ತೋಳಕ್ಕ ತೋಳು ಹಚ್ಚುತ್ತಿದ್ದಳು. ಕೊನೆಯ ಮಷಿನ್ನಿನಲ್ಲಿ ಗುಂಡಿಯಜ್ಜಿ, ಅವಳ ಪಕ್ಕದಲ್ಲಿ ಲೇಬಲ್ ತಂಗಿ. ಇಪ್ಪತ್ತಮೂರನೇ ಮಷಿನ್ ಜೇಬಕ್ಕನದು. ಹನ್ನೊಂದು ವರ್ಷದಿಂದ ಅವಳು ಎದೆಯ ಎಡಭಾಗಕ್ಕೆ ಜೇಬು ಕೂರಿಸುತ್ತಾ ಬಂದಿದ್ದಳು. ಬಲಭಾಗ ಹೇಗಿರುತ್ತದೋ ಅವಳಿಗೆ ಗೊತ್ತಿಲ್ಲ.

ಇತ್ತೀಚೆಗೆ ಅವಳಿಗೆ ಉರಿಮೂತ್ರ ಹತ್ತಿಕೊಂಡಿತ್ತು. ಡಾಕ್ಟರಮ್ಮನ ಹತ್ತಿರ ಹೋದಳು.

"ನೀರು ಕುಡೀತೀರಾ?" ಎಂದರು ಡಾಕ್ಟರಮ್ಮ.

"ಕುಡೀತೀನಿ ಮೇಡಂ. ಭಾನುವಾರ."

"ಭಾನುವಾರಾನಾ? ಮಿಕ್ಕ ದಿನ?"

"ಮಿಕ್ಕ ದಿನ ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಮೇಡಂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು, ಎರಡು ಗಂಟೆಗೊಮ್ಮೆ ಹೋಗಲೇಬೇಕು, ಇಲ್ಲದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ, ಆಮೇಲೆ ಮಾತ್ರೆಯಲ್ಲಿ ಮುಗಿಯುವುದಿಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಜೇಬಕ್ಕ ಚೀಟಿಯನ್ನು ಶಿಳ್ಳೆಪ್ಪನಿಗೆ ತೋರಿಸಿದಳು. ಅವನು ಅದನ್ನು ಎರಡೆರಡು ಸಲ ಓದಿ, "ನಿಮ್ ಡಾಕ್ಟರ್‌ಗೆ ಹೇಳಮ್ಮಾ, ಈ ಲೈನಿಗೆ ಟಾರ್ಗೆಟ್ ಕೊಡೋದು ಅವರಲ್ಲ ಅಂತ" ಎಂದು ಚೀಟಿ ವಾಪಸ್ ಕೊಟ್ಟ.

ಹೀಗಿರುವಾಗ ತನಿಖೆ ಬಂತು.

ಈ ಅಂಗಿಗಳನ್ನು ಮಾರುವ ದೊಡ್ಡ ಕಂಪನಿಯೊಂದಿತ್ತು. ಅಂಗಿ ಹೊಲಿಯುವವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ, ನೀರು, ಗಾಳಿ, ಮಣ್ಣನ್ನು ಎಷ್ಟು ಜೋಪಾನ ಮಾಡುತ್ತಾರೆ ಎಂದು ನೋಡಿ ಕಂಪನಿಯವರು ಎಲೆ ಕೊಡುತ್ತಿದ್ದರು. ಒಳ್ಳೆಯ ಕಾರ್ಖಾನೆಗೆ ಐದು ಎಲೆ. ಆ ಎಲೆಗಳನ್ನು ಅಂಗಿಯ ಕತ್ತಿನ ಪಟ್ಟಿಯ ಮೇಲೆ ಹಸಿರು ಬಣ್ಣದಲ್ಲಿ ನೇಯುತ್ತಿದ್ದರು. ಕೊಳ್ಳುವವರು ಎಲೆ ಎಣಿಸಿ ನೆಮ್ಮದಿಯಿಂದ ಅಂಗಿ ತೊಡುತ್ತಿದ್ದರು. ತನಿಖೆಗೆ ಇನ್ನೂ ಹದಿನೈದು ದಿನವಿರುವಾಗಲೇ ಐದು ಎಲೆಯ ಪಟ್ಟಿಗಳು ಪೆಟ್ಟಿಗೆಗಟ್ಟಲೆ ಬಂದು ಲೇಬಲ್ ತಂಗಿಯ ಮಷಿನ್ ಪಕ್ಕದಲ್ಲಿ ಕೂತವು.

"ತನಿಖೆನೇ ಆಗಿಲ್ವಲ್ಲ ಸಾರ್?" ಎಂದಳು ಲೇಬಲ್ ತಂಗಿ.

"ನಂಬಿಕೆ ಇಟ್ಕೋಬೇಕಮ್ಮಾ" ಎಂದ ಶಿಳ್ಳೆಪ್ಪ.

ಮ್ಯಾನೇಜರು ಟೊಂಕ ಕಟ್ಟಿ ನಿಂತರು. ಕಾರಿಡಾರಿನ ಉದ್ದಕ್ಕೂ ಬಾಡಿಗೆಗೆ ತಂದ ಹೂಕುಂಡಗಳು ಬಂದವು. ಕಾರ್ಖಾನೆಯ ಹಿಂದಿನ ಮೋರಿ ನೋಡಿದರೆ ಅವತ್ತು ಯಾವ ಬಣ್ಣದ ಅಂಗಿ ಎಂದು ಊರಿಗೆಲ್ಲಾ ಗೊತ್ತಾಗುತ್ತಿತ್ತು. ಹಾಗಾಗಿ ತನಿಖೆಯ ವಾರ ಪೂರ್ತಿ ಬಿಳಿ ಅಂಗಿ ಮಾತ್ರ ಎಂದು ಆಜ್ಞೆಯಾಯಿತು. ಬಣ್ಣದ ನೀರನ್ನು ಶುದ್ಧ ಮಾಡಿ ಬಿಡುತ್ತೇವೆ ಎಂದು ತೋರಿಸುವ ತೊಟ್ಟಿಗೆ ಮ್ಯಾನೇಜರು ಇಪ್ಪತ್ತು ಕೆಂಪು ಮೀನು ತಂದು ಬಿಟ್ಟರು. ಮೀನುಗಳು ಸಂಜೆಯೊಳಗೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಮರುದಿನ ಪ್ಲಾಸ್ಟಿಕ್ ಮೀನು ಬಂದವು. ಅವು ಗಟ್ಟಿಮುಟ್ಟಾಗಿದ್ದವು.

ಎಲ್ಲಕ್ಕಿಂತ ದೊಡ್ಡದೆಂದರೆ ಹೊಸ ಶೌಚಾಲಯ. ಕಾರಿಡಾರಿನ ಮೂಲೆಯಲ್ಲಿ ಆರು ಬಾಗಿಲು, ಬಿಳಿ ಟೈಲ್ಸು, ಕನ್ನಡಿ, ನಲ್ಲಿ ತಿರುಗಿಸಿದರೆ ನೀರು, ಗೋಡೆಗೆ ಅಂಟಿಸಿದ ಸೋಪಿನ ಡಬ್ಬಿ. ಹೆಂಗಸರು ಊಟದ ಹೊತ್ತಿನಲ್ಲಿ ಅದನ್ನು ಮದುವೆ ಮನೆ ನೋಡುವಂತೆ ಗುಂಪಾಗಿ ಹೋಗಿ ನೋಡಿ ಬಂದರು. ಜೇಬಕ್ಕನಂತೂ ದಿನಾ ನೋಡುತ್ತಿದ್ದಳು. ನೋಡಿದಷ್ಟೂ ಅವಳಿಗೆ ಅರ್ಜೆಂಟಾಗುತ್ತಿತ್ತು. ಆದರೆ ಹೊರಗಿನ ಸರಳಿನ ಬಾಗಿಲಿಗೆ ದಪ್ಪ ಬೀಗ. ಬೀಗದ ಕೈ ಶಿಳ್ಳೆಪ್ಪನ ಸೊಂಟದಲ್ಲಿ.

"ತನಿಖೆ ಆದ್ಮೇಲೆ ನಮಗೆ ಬಿಡ್ತಾರೆ ಬಿಡು. ಅದನ್ನ ತಗೊಂಡು ಮ್ಯಾನೇಜರ್ ಒಬ್ರೇ ಏನ್ ಮಾಡ್ತಾರೆ, ಆರು ಬಾಗಿಲು?" ಎಂದಳು ಗುಂಡಿಯಜ್ಜಿ. ಜೇಬಕ್ಕ ಆ ಮಾತನ್ನೇ ನೆಚ್ಚಿಕೊಂಡಳು.

ಇನ್ನು ಉಳಿದದ್ದು ಉತ್ತರ. ತನಿಖೆಯವರ ಹತ್ತಿರ ನಲವತ್ತೆರಡು ಪ್ರಶ್ನೆಗಳ ಹಾಳೆ ಇರುತ್ತದೆ. ಮ್ಯಾನೇಜರು ನಲವತ್ತೆರಡಕ್ಕೂ ಉತ್ತರ ಬರೆಸಿ ಎಲ್ಲರಿಗೂ ಬಾಯಿಪಾಠ ಮಾಡಿಸಲು ನೋಡಿದರು. ಒಂಬತ್ತು ಗಂಟೆ ಮಷಿನ್ ತುಳಿದ ಹೆಂಗಸರ ತಲೆಗೆ ಒಂದೂ ಹತ್ತಲಿಲ್ಲ. ಆಗ ಶಿಳ್ಳೆಪ್ಪನಿಗೆ ಜೀವಮಾನದಲ್ಲೇ ಮೊದಲ ಸಲ ಒಂದು ಉಪಾಯ ಹೊಳೆಯಿತು.

"ಸಾರ್, ಇಡೀ ಅಂಗೀನ ಒಬ್ಬಳೇ ಹೊಲೀತಾಳಾ? ಇಲ್ವಲ್ಲ. ಉತ್ತರಾನೂ ಹಾಗೇ ಹಂಚಿಬಿಡೋಣ. ನಲವತ್ತೆರಡು ಪ್ರಶ್ನೆ, ನಲವತ್ತೆರಡು ಜನ. ಹೋದ ವರ್ಷ ಬಂದೋರು ಕಾಲರ್ ಕಡೆಯಿಂದ ಶುರು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೇಳ್ಕೊಂಡು ಗುಂಡಿ ಕಡೆಗೆ ಹೋದ್ರು. ಇವರೂ ಹಂಗೇ ಹೋಗ್ತಾರೆ."

ಮ್ಯಾನೇಜರು ಅವನ ಬೆನ್ನು ತಟ್ಟಿದರು. ಮಷಿನ್ ನಂಬರಿನ ಪ್ರಕಾರ ಉತ್ತರಗಳು ಹಂಚಿಹೋದವು. ಇಪ್ಪತ್ತಮೂರನೆಯದು ಜೇಬಕ್ಕನಿಗೆ ಬಂತು. ಅದು ಹೀಗಿತ್ತು: 'ಶೌಚಾಲಯಕ್ಕೆ ಯಾವಾಗ ಬೇಕಾದರೂ ಹೋಗಬಹುದು ಮೇಡಂ, ಯಾರೂ ತಡೆಯುವುದಿಲ್ಲ.'

ಜೇಬಕ್ಕ ಚೀಟಿ ಹಿಡಿದು ಶಿಳ್ಳೆಪ್ಪನ ಮುಖ ನೋಡಿದಳು. ಅವನು ಗೋಡೆ ನೋಡಿದ.

ಜೇಬಕ್ಕನ ಮನೆಯೆಂದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಅತ್ತೆಯ ಮಂಚ. ಗಂಡ ಗೋದಾಮಿನ ಕಾವಲಿಗೆ ಹೋಗಿದ್ದ. ಅತ್ತೆ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಾ, ಸೊಸೆಗೆ ಉತ್ತರ ಬಾಯಿಪಾಠ ಮಾಡಿಸಲು ತನಿಖೆಯ ಮೇಡಂ ಆದರು.

"ಏನಮ್ಮಾ, ಎಷ್ಟು ಗಂಟೆ ಕೆಲಸ?"

"ಯಾವಾಗ ಬೇಕಾದ್ರೂ ಹೋಗಬಹುದು ಮೇಡಂ, ಯಾರೂ ತಡೆಯೋದಿಲ್ಲ."

"ಮಕ್ಕಳೆಷ್ಟು?"

"ಯಾವಾಗ ಬೇಕಾದ್ರೂ ಹೋಗಬಹುದು ಮೇಡಂ, ಯಾರೂ ತಡೆಯೋದಿಲ್ಲ."

"ಹಾಗಿದ್ರೆ ತವರಿಗೆ ಹೋಗ್ಬಿಡೇ ತಾಯಿ, ನಾನೂ ತಡೆಯೋದಿಲ್ಲ" ಎಂದು ಅತ್ತೆ ಮಡಚಿದ ಬಟ್ಟೆಯನ್ನು ಅವಳ ಮೇಲೆಸೆದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗುವಾಗ ಜೇಬಕ್ಕನಿಗೆ ಕಿಬ್ಬೊಟ್ಟೆ ಚಳಕ್ ಎಂದಿತು. ಅವಳು ನಗು ನಿಲ್ಲಿಸಿ ಗೋಡೆ ಹಿಡಿದುಕೊಂಡಳು. ಅತ್ತೆಯ ನಗೆಯೂ ನಿಂತಿತು. "ಇದನ್ನ ಹೇಳಿ ಬರ್ತೀಯಲ್ಲ, ನಿನ್ನ ಹೊಟ್ಟೆ ನಂಬುತ್ತೇನೇ?" ಎಂದರು.

ತನಿಖೆಯ ದಿನ ಬಂತು. ಬೀಗ ತೆಗೆದರು. ಟೋಕನ್ ಯಾರ ಕೊರಳಲ್ಲೂ ಕಾಣಕೂಡದು, ಮಷಿನ್ ಕೆಳಗೆ ಕೈಯಿಂದ ಕೈಗೆ ದಾಟಬೇಕು ಎಂದು ಶಿಳ್ಳೆಪ್ಪ ತಾಕೀತು ಮಾಡಿದ. ಹೊಸ ಶೌಚಾಲಯದ ಕಡೆ ಹೋದವಳ ಕಾಲು ಮುರಿಯುತ್ತೇನೆ ಎಂದೂ ಸೇರಿಸಿದ.

ತನಿಖೆ ಮೇಡಂ ಒಳ್ಳೆಯವರಂತೆ ಕಂಡರು. ಕಾಲಿಗೆ ಸಾದಾ ಚಪ್ಪಲಿ, ಕೈಯಲ್ಲಿ ಹಾಳೆ ಕಚ್ಚಿಸಿದ ರಟ್ಟು. ಬಿಸಿಲಲ್ಲಿ ಬಂದವರಿಗೆ ಮ್ಯಾನೇಜರು ಒಂದು ಗ್ಲಾಸು ಹಣ್ಣಿನ ರಸ ಕೊಟ್ಟರು. ಹೂಕುಂಡ ತೋರಿಸಿ ಇನ್ನೊಂದು ಕೊಟ್ಟರು. ಆಮೇಲೆ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಮೂರನೆಯದು ಕೊಟ್ಟರು. ಮೇಡಂ ಮೀನುಗಳನ್ನು ತುಂಬ ಹೊತ್ತು ನೋಡಿ, 'ಮೀನುಗಳು ಶಾಂತವಾಗಿವೆ' ಎಂದು ಬರೆದುಕೊಂಡರು.

ತೊಟ್ಟಿ ಇದ್ದದ್ದು ಕಾರ್ಖಾನೆಯ ಹಿಂದೆ. ಹಿಂದಿನಿಂದ ಒಳಗೆ ಬಂದರೆ ಮೊದಲು ಸಿಗುವುದು ಗುಂಡಿಯಜ್ಜಿ. ಈ ಸಂಗತಿ ಮ್ಯಾನೇಜರಿಗೆ ಹೊಳೆಯುವಷ್ಟರಲ್ಲಿ ಮೇಡಂ, "ನಾನು ಇವರ ಜೊತೆ ಒಬ್ಬಳೇ ಮಾತಾಡ್ಬೇಕು. ನಿಯಮ. ನೀವೆಲ್ಲ ಹೊರಗಿರಿ" ಎಂದು ಬಾಗಿಲು ಹಾಕಿಕೊಂಡರು.

"ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತೀರಮ್ಮಾ?" ಮೊದಲನೇ ಪ್ರಶ್ನೆ.

ಗುಂಡಿಯಜ್ಜಿಯ ಉತ್ತರ ನಲವತ್ತೆರಡನೆಯದು. ಅವಳು ಎದ್ದು ನಿಂತು, ಕಣ್ಣು ಮುಚ್ಚಿಕೊಂಡು, "ಬೆಂಕಿ ಬಿದ್ದರೆ ಹಿಂದಿನ ಬಾಗಿಲಿನಿಂದ ಸಾಲಾಗಿ ಹೊರಗೆ ಹೋಗ್ತೀವಿ ಮೇಡಂ" ಎಂದಳು.

ಮೇಡಂ ಹಾಳೆಯನ್ನು ಮತ್ತೊಮ್ಮೆ ನೋಡಿಕೊಂಡು ಲೇಬಲ್ ತಂಗಿಯ ಕಡೆ ತಿರುಗಿದರು. "ವಾರಕ್ಕೆ ರಜೆ ಎಷ್ಟು ದಿನ?"

"ಔಷಧಿ ಪೆಟ್ಟಿಗೆಯಲ್ಲಿ ಹತ್ತಿ ಇದೆ ಮೇಡಂ."

"ನಿಮ್ಮ ಮೇಲೆ ಯಾರಾದ್ರೂ ಕೂಗಾಡ್ತಾರಾ?"

"ಎರಡೂ ಕಿವಿಗೆ ಮುಚ್ಚಳ ಕೊಟ್ಟಿದ್ದಾರೆ ಮೇಡಂ" ಎಂದಳು ಮುಂದಿನವಳು. ಅದೊಂದು ಮಾತ್ರ ಸರಿಹೊಂದಿತು.

ಹೀಗೆ ಹತ್ತೊಂಬತ್ತು ಪ್ರಶ್ನೆ ದಾಟಿತು. ಮೇಡಂ ಬರೆಯುವುದನ್ನು ನಿಲ್ಲಿಸಿ ಹಣೆಯುಜ್ಜಿಕೊಂಡರು. ಅಷ್ಟರಲ್ಲಿ ಮೂರು ಗ್ಲಾಸು ಹಣ್ಣಿನ ರಸ ತನ್ನ ಕೆಲಸ ಶುರು ಮಾಡಿತ್ತು. ಅವರು ಜೇಬಕ್ಕನ ಮಷಿನ್ ಮುಂದೆ ಬಂದು, ಹಾಳೆ ನೋಡದೆ, ಕಾಲು ಬದಲಿಸುತ್ತಾ, ಮೆಲ್ಲಗೆ ಕೇಳಿದರು:

"ಅಮ್ಮಾ, ಟಾಯ್ಲೆಟ್‌ಗೆ ಹೋಗಬಹುದಾ?"

ಜೇಬಕ್ಕನ ಎದೆ ಝಲ್ಲೆಂದಿತು. ಇದು ತನ್ನದೇ ಪ್ರಶ್ನೆ! "ಯಾವಾಗ ಬೇಕಾದ್ರೂ ಹೋಗಬಹುದು ಮೇಡಂ, ಯಾರೂ ತಡೆಯೋದಿಲ್ಲ!" ಎಂದು ಒಂದೇ ಉಸಿರಿಗೆ ಒಪ್ಪಿಸಿದಳು.

ಹೇಳಿದ ಮೇಲೆ ಮೇಡಂ ಮುಖ ನೋಡಿದಳು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಆ ಹುಬ್ಬು, ಆ ಕಚ್ಚಿಕೊಂಡ ತುಟಿ, ಲೈನಿನಲ್ಲಿ ದಿನಾ ನೋಡುವಂಥದ್ದು. ಅದೇ ಗಳಿಗೆಯಲ್ಲಿ ಟೋಕನ್ ಸುತ್ತಿ ಸುತ್ತಿ ಅವಳ ಮಡಿಲಿಗೆ ಬಂದಿತ್ತು. ಬೆಳಗ್ಗೆಯಿಂದ ಅದಕ್ಕಾಗಿ ಅವಳು ಹಲ್ಲು ಕಚ್ಚಿ ಕಾದಿದ್ದಳು. ಆದರೂ ತನಗಿಂತ ಇವರಿಗೆ ಜಾಸ್ತಿ ಅವಸರ ಅನ್ನಿಸಿಬಿಟ್ಟಿತು. ತಡೆಯಲಾಗದವಳಿಗೆ ಸರದಿ ಬಿಟ್ಟುಕೊಡುವುದು ಆ ಲೈನಿನ ರೂಢಿ. ಹನ್ನೊಂದು ವರ್ಷದ ಕೈ, ಅದಕ್ಕೆ ತನಿಖೆ ಗಿನಿಖೆ ಎಲ್ಲ ತಿಳಿಯುವುದಿಲ್ಲ. ಟೋಕನ್ ಎತ್ತಿ ಮೇಡಂ ಕೊರಳಿಗೆ ಹಾಕಿಯೇಬಿಟ್ಟಿತು.

"ನಾಲ್ಕೇ ನಿಮಿಷ ಮೇಡಂ. ಶಿಳ್ಳೆ ಊದೋದ್ರೊಳಗೆ ಬಂದ್ಬಿಡಿ."

ಮೇಡಂಗೆ ಅರ್ಥ ಕೇಳುವಷ್ಟು ಪುರುಸೊತ್ತಿರಲಿಲ್ಲ. ಓಡಿದರು.

ಶಿಳ್ಳೆಪ್ಪ ಆಗಷ್ಟೇ ತೊಟ್ಟಿಯ ಹತ್ತಿರ ಹೋಗಿ, ಗಾಳಿಗೆ ಮೂಲೆ ಸೇರಿದ್ದ ಮೀನುಗಳನ್ನು ಕೋಲಿನಿಂದ ನಡುವಿಗೆ ತಳ್ಳಿ ವಾಪಸ್ ಬಂದಿದ್ದ. ನೋಡುತ್ತಾನೆ, ಹೊಸ ಶೌಚಾಲಯದ ಒಂದು ಬಾಗಿಲು ಮುಚ್ಚಿದೆ. ಗಡಿಯಾರ ನೋಡಿಕೊಂಡ. ಒಂದು, ಎರಡು, ಮೂರು, ನಾಲ್ಕು. ಶಿಳ್ಳೆ ಊದಿದ. ಯಾರೂ ಬರಲಿಲ್ಲ. ಕೋಪ ನೆತ್ತಿಗೇರಿತು. ಎರಡೂ ಕೈಯಿಂದ ಬಾಗಿಲು ಗುದ್ದಿದ.

"ಯಾವಳೇ ಅದು ಒಳಗೆ? ಮನೆ ಕಟ್ಕೊಂಡು ಕೂತಿದ್ದೀಯಾ? ಇದೇನು ನಿಮ್ಮಂಥೋರಿಗೆ ಕಟ್ಟಿಸಿದ್ದು ಅಂದ್ಕೊಂಡ್ಯಾ? ಆ ತನಿಖೆ ಹೆಂಗಸು ಅತ್ತ ಹೋಗ್ಲಿ, ಇತ್ತ ಬೀಗ ಜಡೀತೀನಿ! ಅರ್ಧ ದಿನದ ಸಂಬಳ ಕಟ್! ಬಾರೇ ಹೊರಗೆ!"

ಬಾಗಿಲು ತೆರೆಯಿತು. ಕೊರಳಲ್ಲಿ ಕೆಂಪು ಬಿಲ್ಲೆ ಹಾಕಿಕೊಂಡು ತನಿಖೆ ಮೇಡಂ ನಿಂತಿದ್ದರು.

ಶಿಳ್ಳೆಪ್ಪನ ಬಾಯಲ್ಲಿದ್ದ ಶಿಳ್ಳೆ ಅವನ ಅನುಮತಿಯಿಲ್ಲದೆ ಕುಯ್ಯೆಂದು ಸಣ್ಣಗೆ ಊದಿಕೊಂಡಿತು. ಕಿಟಕಿಯಲ್ಲಿ ನಲವತ್ತೆರಡು ತಲೆಗಳಿದ್ದವು. ಗುಂಡಿಯಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತೇಬಿಟ್ಟಳು.

ಮೇಡಂ ನೇರ ಜೇಬಕ್ಕನ ಹತ್ತಿರ ಬಂದರು. "ಇದೇನಮ್ಮಾ?" ಎಂದು ಟೋಕನ್ ಎತ್ತಿ ಹಿಡಿದರು.

ಜೇಬಕ್ಕನಿಗೆ ಕೆಲಸ ಹೋದರೆ ಎಂದು ಒಂದು ಕ್ಷಣ ಅನ್ನಿಸಿತು. ಕಿಬ್ಬೊಟ್ಟೆ ಇನ್ನೊಮ್ಮೆ ಚಳಕ್ ಎಂದಿತು. "ಮೇಡಂ, ನನಗೆ ಕಲಿಸಿದ್ದು ಒಂದೇ ಉತ್ತರ. ಅದು ಹೇಳಿ ಆಯ್ತು. ಇನ್ನು ಮಿಕ್ಕಿದ್ದು ನಾನೇ ಹೇಳ್ತೀನಿ" ಎಂದಳು. ನಾಲ್ಕು ನಿಮಿಷ, ಮೂರು ಗಂಟೆ, ಡಾಕ್ಟರ ಚೀಟಿ, ಭಾನುವಾರದ ನೀರು, ಎಲ್ಲ ಹೇಳಿದಳು. ಮೇಡಂ ನಾಲ್ಕು ಪುಟ ಬರೆದುಕೊಂಡರು. ಟೋಕನ್ನಿನ ಫೋಟೊ ತೆಗೆದುಕೊಂಡರು. ಹೋಗುವಾಗ ಜೇಬಕ್ಕನ ಕೈ ಹಿಡಿದು, "ಧೈರ್ಯ ಮಾಡಿ ಹೇಳಿದ್ರಿ. ಇದನ್ನ ಸುಮ್ಮನೆ ಬಿಡೋದಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ ಎಂದು ಜೇಬಕ್ಕ ಇವತ್ತಿಗೂ ಹೇಳುತ್ತಾಳೆ.

ಅವತ್ತು ಸಂಜೆಯೇ ಹೊಸ ಶೌಚಾಲಯಕ್ಕೆ ಬೀಗ ಬಿತ್ತು. "ವರದಿ ಬರೋವರೆಗೂ" ಎಂದ ಶಿಳ್ಳೆಪ್ಪ. ಹೆಂಗಸರು ವರದಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ನಡುವೆ ಜೇಬಕ್ಕನಿಗೆ ಚಳಿಜ್ವರ ಬಂದು ಎರಡು ದಿನ ಮಲಗಿದಳು. ಸೊಂಟದ ಹಿಂದೆ ನೋವು ಕೂತಿತು. ಸೋಂಕು ಏರಲು ಶುರುವಾಗಿದೆ, ಇನ್ನು ತಡೆದುಕೊಳ್ಳುವುದೆಂಬ ಮಾತೇ ಬೇಡ ಎಂದು ಡಾಕ್ಟರಮ್ಮ ಬೈದರು.

ಹನ್ನೆರಡನೇ ದಿನ ವರದಿ ಬಂತು. ಮ್ಯಾನೇಜರು ಎಲ್ಲರನ್ನೂ ಸೇರಿಸಿ, ಸಿಹಿ ಹಂಚಿ, ಓದಿದರು. ಕಾರ್ಖಾನೆಗೆ ನಾಲ್ಕೂವರೆ ಎಲೆ! ಅರ್ಧ ಎಲೆ ಕತ್ತರಿಸಿದ್ದು ಯಾಕೆಂದರೆ ಟೋಕನ್ ಪ್ಲಾಸ್ಟಿಕ್ಕಿನದಾಗಿತ್ತು. ಪ್ಲಾಸ್ಟಿಕ್ ಭೂಮಿಗೆ ಒಳ್ಳೆಯದಲ್ಲ. ಮೇಡಂ ಬರೆದ ನಾಲ್ಕು ಪುಟ ಮೇಲಿನವರ ಕೈಯಿಂದ ಕೈಗೆ ದಾಟುತ್ತಾ ಸವೆದು ಸವೆದು ಒಂದು ಸಾಲಾಗಿತ್ತು: 'ಕಾರ್ಮಿಕರ ಅಹವಾಲನ್ನು ಗಂಭೀರವಾಗಿ ಪರಿಗಣಿಸಿ, ಟೋಕನ್ನುಗಳ ಸಂಖ್ಯೆಯನ್ನು ಒಂದರಿಂದ ಎರಡಕ್ಕೆ ಏರಿಸತಕ್ಕದ್ದು. ಅವು ಮರದಿಂದ ಮಾಡಿದವಾಗಿರತಕ್ಕದ್ದು.'

ಮ್ಯಾನೇಜರು ಎರಡು ಮರದ ಬಿಲ್ಲೆ ಎತ್ತಿ ತೋರಿಸಿದರು. ಒಂದೊಂದರ ಮೇಲೂ ಹಸಿರು ಎಲೆಯ ಚಿತ್ರ.

"ಸಾರ್, ಐದು ಎಲೆಯ ಪಟ್ಟಿ ಹನ್ನೆರಡು ಸಾವಿರ ಅಂಗಿಗೆ ಆಗ್ಲೇ ಹಾಕಾಗಿದೆ. ಉಳಿದವಕ್ಕೆ ಏನ್ ಮಾಡ್ಲಿ?" ಎಂದಳು ಲೇಬಲ್ ತಂಗಿ.

"ಹಾಕಿದ್ದು ಹಾಕಿದ್ದಾಯ್ತು. ಉಳಿದವಕ್ಕೆ ಅರ್ಧ ಎಲೆ ಹೊಲಿಗೆ ಒಳಗೆ ಮಡಚಿಬಿಡು" ಎಂದರು ಮ್ಯಾನೇಜರು.

"ಮತ್ತೆ ಹೊಸ ಟಾಯ್ಲೆಟ್?" ಕೇಳಿದವಳು ಜೇಬಕ್ಕ.

"ಅದು ಮುಂದಿನ ವರ್ಷದ ತನಿಖೆಗೆ ಬೇಕಮ್ಮಾ. ಈಗಲೇ ಬಳಸಿದ್ರೆ ಹಳೇದಾಗುತ್ತೆ."

ಹೆಂಗಸರು ಸಿಹಿ ತಿಂದು ಮಷಿನ್ನಿಗೆ ಕೂತರು. ಅವತ್ತು ಮಾಲು ಹೋಗುವ ದಿನ. ಲಾರಿ ಆಗಲೇ ಬಾಗಿಲಲ್ಲಿ ನಿಂತಿತ್ತು. ಶಿಳ್ಳೆಪ್ಪ ಎರಡೂ ಮರದ ಬಿಲ್ಲೆಗಳನ್ನು ತನ್ನ ಜೇಬಿಗೆ ಇಳಿಸಿದ.

ಹನ್ನೊಂದು ಗಂಟೆಗೆ ಜೇಬಕ್ಕ ಮಷಿನ್ ನಿಲ್ಲಿಸಿ ಎದ್ದಳು.

"ಎಲ್ಲಿಗೆ?" ಎಂದ ಶಿಳ್ಳೆಪ್ಪ.

"ಟಾಯ್ಲೆಟ್‌ಗೆ."

"ಟೋಕನ್?"

"ಡಾಕ್ಟರು ಮಾತ್ರೆ ಬರ್ದಿದ್ದಾರೆ, ನೀರು ಬರ್ದಿದ್ದಾರೆ. ಟೋಕನ್ ಬರ್ದಿಲ್ಲ ಸಾರ್."

ಹೇಳಿ ಅವಳು ಹಳೆಯದರ ಕಡೆ ಹೋಗಲಿಲ್ಲ. ಕಾರಿಡಾರ್ ದಾಟಿ ಬೀಗ ಹಾಕಿದ ಬಾಗಿಲ ಮುಂದೆ ಹೋಗಿ ನಿಂತಳು. ಶಿಳ್ಳೆ ಕೇಳಿಸಿತು. ಅವಳು ತಿರುಗಲಿಲ್ಲ. ಶಿಳ್ಳೆ ಮತ್ತೆ ಕೇಳಿಸಿತು. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತೋಳಕ್ಕ. ಅವಳ ಹಿಂದೆ ಕಾಲರಕ್ಕ. ಲೇಬಲ್ ತಂಗಿ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ಜೇಬಿಲ್ಲದ ಅಂಗಿಗಳು ಇಪ್ಪತ್ತಮೂರನೇ ಮಷಿನ್ ಮುಂದೆ ಗುಡ್ಡೆಯಾದವು. ಒಂದೊಂದೇ ಮಷಿನ್ ನಿಂತಿತು. ಕಾರ್ಖಾನೆಯಲ್ಲಿ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಲಾರಿಯವನು ಹಾರ್ನ್ ಹೊಡೆದ.

ಮ್ಯಾನೇಜರು ಮೆಟ್ಟಿಲಿಳಿದು ಓಡಿ ಬಂದರು. "ಏನಿದು? ಮುಷ್ಕರಾನಾ?"

"ಅಯ್ಯೋ ಇಲ್ಲ ಸಾಹೇಬ್ರೇ" ಎಂದಳು ಸಾಲಿನ ಕೊನೆಯಲ್ಲಿದ್ದ ಗುಂಡಿಯಜ್ಜಿ. "ಮುಷ್ಕರಕ್ಕೆ ಗೇಟ್ ಹತ್ರ ನಿಲ್ತಾರೆ. ಇದು ಟಾಯ್ಲೆಟ್ ಸಾಲು. ನಿಮಗೂ ಅರ್ಜೆಂಟಿದ್ರೆ ನನ್ನ ಹಿಂದೆ ನಿಲ್ಲಿ."

"ಕೆಲಸದಿಂದ ತೆಗೀತೀನಿ! ಒಬ್ಬೊಬ್ಬರನ್ನೂ ತೆಗೀತೀನಿ!"

"ತೆಗೀರಿ ಸಾಹೇಬ್ರೇ. ಆದ್ರೆ ಸರದಿ ಪ್ರಕಾರ ತೆಗೀರಿ. ನಾನು ಮೊದಲು" ಎಂದಳು ಜೇಬಕ್ಕ. ಅವಳ ದನಿ ಅವಳಿಗೇ ಹೊಸದೆನ್ನಿಸಿತು. "ಹೊಸ ಹೆಂಗಸರನ್ನ ತಂದ್ರೂ ಅವರಿಗೂ ಹೊಟ್ಟೆ ಇರುತ್ತೆ."

ಲಾರಿ ಮತ್ತೆ ಹಾರ್ನ್ ಹೊಡೆಯಿತು. ಆಫೀಸಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮ್ಯಾನೇಜರು ಲಾರಿ ನೋಡಿದರು, ಸಾಲು ನೋಡಿದರು, ಜೇಬಿಲ್ಲದ ಅಂಗಿಗಳ ಗುಡ್ಡೆ ನೋಡಿದರು. ಕೊನೆಗೆ ಶಿಳ್ಳೆಪ್ಪನ ಕಡೆ ತಿರುಗಿ, "ತೆಗಿಯಯ್ಯಾ, ಏನ್ ಮಿಕಿಮಿಕಿ ನೋಡ್ತೀಯ?" ಎಂದರು. ಅವನು ಸೊಂಟದಿಂದ ಬೀಗದ ಕೈ ಬಿಚ್ಚಿ ಬೀಗ ತೆಗೆದ.

ಜೇಬಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮಿಕ್ಕ ಐದು ಬಾಗಿಲುಗಳೂ ಒಂದರ ಹಿಂದೊಂದು ಮುಚ್ಚಿಕೊಂಡವು. ಉಳಿದ ಮೂವತ್ತಾರು ಹೆಂಗಸರು ಸಾಲಿನಲ್ಲೇ ನಿಂತರು. ನಾಲ್ಕು ನಿಮಿಷ ಕಳೆಯಿತು. ಶಿಳ್ಳೆಪ್ಪ ಗಡಿಯಾರ ನೋಡಿ, ರೂಢಿಯಂತೆ ಶಿಳ್ಳೆ ಬಾಯಿಗಿಟ್ಟು, ಊದಿದ.

"ಮುಗಿದ ಮೇಲೆ ಬರ್ತೀನಿ ಸಾರ್" ಒಳಗಿನಿಂದ ಜೇಬಕ್ಕನ ದನಿ ಬಂತು. "ಲಾರಿಯವನಿಗೂ ಹೇಳ್ಬಿಡಿ."